ಪ್ರಾಣವಾಯುವಿನ ಪೂರೈಕೆ: ಬಡ ದೇಶಗಳ ಆಸ್ಪತ್ರೆಗಳಲ್ಲಿ ಒಂದು ಅಪೂರ್ಣ ಚರಿತ್ರೆ

1. ವಿಷಯಪ್ರವೇಶ

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 21 ಭಾಗ ಆಮ್ಲಜನಕವಿದೆಯೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ಸಂಗತಿ. ರೋಗದಿಂದ ಶ್ವಾಸಕೋಶಗಳು ಸೋತಾಗ ಆ 21 ಭಾಗ ಸಾಲದಾಗುತ್ತದೆ. ಆಗ ಹೆಚ್ಚು ಸಾಂದ್ರವಾದ ಆಮ್ಲಜನಕವನ್ನು ಔಷಧದಂತೆ ಕೊಡಬೇಕಾಗುತ್ತದೆ. ಈ ವಾಯು ಮನುಷ್ಯನಿಗೆ ಪರಿಚಿತವಾಗಿ ಎರಡೂವರೆ ಶತಮಾನಗಳಾದುವು. ವೈದ್ಯರು ಇದನ್ನು ಕ್ರಮಬದ್ಧವಾಗಿ ಬಳಸತೊಡಗಿ ನೂರು ವರ್ಷಗಳು ಮೀರಿದುವು. ಹೀಗಿದ್ದರೂ, ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯ ಆಯೋಗವು 2025ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 37 ಕೋಟಿ 40 ಲಕ್ಷ ಜನರಿಗೆ ವೈದ್ಯಕೀಯ ಆಮ್ಲಜನಕ ಬೇಕಾಗುತ್ತದೆ. ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ತೀವ್ರ ರೋಗಕ್ಕೋ ಶಸ್ತ್ರಚಿಕಿತ್ಸೆಗೋ ಇದು ಬೇಕಾದವರ ಪೈಕಿ ಮೂವರಲ್ಲಿ ಒಬ್ಬರಿಗೂ ಇದು ಸರಿಯಾಗಿ ದೊರೆಯುತ್ತಿಲ್ಲ.

ಚರಿತ್ರೆಯ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯೇನೆಂದು ವಾಚಕರು ಕೇಳಬಹುದು. ಒಂದು ವಿದ್ಯೆ ಹುಟ್ಟಿದ ದಿನಕ್ಕೂ ಅದು ಸಾಮಾನ್ಯ ಜನರ ಮನೆಬಾಗಿಲಿಗೆ ಬರುವ ದಿನಕ್ಕೂ ನಡುವೆ ಬೀಳುವ ಅಂತರವು ಪ್ರಯೋಗಶಾಲೆಯಲ್ಲಿ ವಿವರಿಸಲಾಗದ ವಸ್ತು. ಆ ಅಂತರವನ್ನು ರಸ್ತೆಗಳು, ಕಾರ್ಖಾನೆಗಳು, ಆಡಳಿತ, ಹಣಕಾಸು ಇವು ನಿರ್ಧರಿಸುತ್ತವೆ. ಇವೆಲ್ಲವೂ ಚರಿತ್ರೆಯ ವಸ್ತುಗಳೇ. ಪ್ರಕೃತ ಲೇಖನದಲ್ಲಿ ನಾವು ಮೊದಲು ಈ ಔಷಧದ ಹಿಂದಿನ ಕಥೆಯನ್ನು ಸಂಕ್ಷೇಪವಾಗಿ ನೋಡಿ, ಬಳಿಕ ಅದರ ಪೂರೈಕೆಯ ವಿಧಾನಗಳನ್ನು ವಿವರಿಸಿ, ಪಪುವ ನ್ಯೂಗಿನಿ ಮತ್ತು ಆಫ್ರಿಕದ ಕೆಲವು ದೇಶಗಳಲ್ಲಿ ನಡೆದ ಪ್ರಯತ್ನಗಳಿಂದ ಏನನ್ನು ಕಲಿಯಬಹುದೆಂದು ವಿಚಾರಿಸುತ್ತೇವೆ.

2. ಹೆಸರೂ ಹುಟ್ಟೂ

ಈ ವಾಯುವನ್ನು ಸ್ವೀಡನ್ನಿನ ಷೀಲೆ ಮತ್ತು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು; ಪ್ರೀಸ್ಟ್ಲಿಯ ಪ್ರಯೋಗ ನಡೆದುದು 1774ರ ಆಗಸ್ಟ್ 1ರಂದು. ಇದಕ್ಕೆ ಹೆಸರನ್ನು ಕೊಟ್ಟವನು ಫ್ರಾನ್ಸಿನ ಲವಾಸಿಯೆ. ಎಲ್ಲ ಆಮ್ಲಗಳೂ ಇದರಿಂದಲೇ ಹುಟ್ಟುತ್ತವೆಂದು ಭಾವಿಸಿ, ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಗ್ರೀಕ್ ಮೂಲದ ಹೆಸರನ್ನು ಅವನು ಆರಿಸಿದ. ಆ ಭಾವನೆ ಸರಿಯಲ್ಲವೆಂಬುದನ್ನು 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ನಿನ ಸಂಶೋಧನೆಯಿಂದ ತೋರಿಸಿಕೊಟ್ಟನಾದರೂ ಹೆಸರು ಉಳಿದುಕೊಂಡಿತು. ನಮ್ಮ ‘ಆಮ್ಲಜನಕ’ವು ಅದರ ನೇರ ಭಾಷಾಂತರ. ರೋಗಿಯ ಹಾಸಿಗೆಯ ಬಳಿ ನಿಂತವರಿಗೆ ‘ಪ್ರಾಣವಾಯು’ವೆಂಬ ಮಾತೇ ಹೆಚ್ಚು ಸಮೀಪವೆನಿಸಿದರೆ ಆಶ್ಚರ್ಯವಿಲ್ಲ.

1799ರಲ್ಲಿ ಥಾಮಸ್ ಬೆಡೋಸ್ ಎಂಬ ವೈದ್ಯ ಬ್ರಿಸ್ಟಲ್ ನಗರದಲ್ಲಿ ವಾಯುಗಳಿಂದ ರೋಗ ವಾಸಿಮಾಡುವ ಸಂಸ್ಥೆಯೊಂದನ್ನು ತೆರೆದ. ಅದು ಬಹುಕಾಲ ನಡೆಯಲಿಲ್ಲ. ಯಾವ ರೋಗಕ್ಕೆ ಯಾವ ವಾಯು ಎಂಬುದು ಅಂದಿನವರಿಗೆ ತಿಳಿದಿರಲಿಲ್ಲ. ವಾಯುವನ್ನು ಹೇರಳವಾಗಿ ತಯಾರಿಸುವ ಉಪಾಯವೂ ಇರಲಿಲ್ಲ. ಈ ಎರಡನೆಯ ತೊಡಕನ್ನು ಬಿಡಿಸಿದವನು ಜರ್ಮನಿಯ ಕಾರ್ಲ್ ಫಾನ್ ಲಿಂಡೆ. ಅವನು 1895ರಲ್ಲಿ ಗಾಳಿಯನ್ನು ದ್ರವರೂಪಕ್ಕೆ ತಂದು, 1902ರಲ್ಲಿ ಆ ದ್ರವದಿಂದ ಆಮ್ಲಜನಕವನ್ನು ಬೇರ್ಪಡಿಸುವ ಸ್ಥಾವರವನ್ನು ನಿರ್ಮಿಸಿದ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹೀಗೆ ತಯಾರಾದ ಆಮ್ಲಜನಕದ ದೊಡ್ಡ ಗಿರಾಕಿ ಆಸ್ಪತ್ರೆಯಾಗಿರಲಿಲ್ಲ. ಲೋಹವನ್ನು ಬೆಸೆಯುವ ಮತ್ತು ಕತ್ತರಿಸುವ ಕಾರ್ಖಾನೆಯಾಗಿತ್ತು. 1952ರಲ್ಲಿ ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಆಮ್ಲಜನಕವನ್ನು ಊದಿ ಉಕ್ಕು ಮಾಡುವ ಪದ್ಧತಿ ಕೈಗಾರಿಕೆಯಾಗಿ ಕಾರ್ಯಗತವಾದ ಮೇಲೆ ಉಕ್ಕಿನ ಕಾರ್ಖಾನೆಗಳೇ ಅದರ ಮಹಾಭೋಕ್ತೃಗಳಾದುವು. ಸ್ಥಾವರಗಳು ಗಿರಾಕಿಯಿದ್ದೆಡೆ ನೆಲೆಸಿದುವು. ರೋಗಿಗಳಿದ್ದೆಡೆಗೆ ಅಲ್ಲಿಂದ ಹೊತ್ತುತರಬೇಕಾಯಿತು. ಕೈಗಾರಿಕೆ ಬೆಳೆಯದ ದೇಶಗಳಲ್ಲಿ ಆಮ್ಲಜನಕ ವಿರಳವಾದುದಕ್ಕೆ ಇದು ಮೂಲಕಾರಣಗಳಲ್ಲೊಂದೆಂದು ನಮಗೆ ತೋರುತ್ತದೆ.

ವೈದ್ಯಕೀಯ ಬಳಕೆಗೆ ಶಾಸ್ತ್ರೀಯ ತಳಹದಿಯನ್ನು ಹಾಕಿದವರಲ್ಲಿ ಜೆ. ಎಸ್. ಹಾಲ್ಡೇನ್ ಪ್ರಮುಖರು. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿಗೆ ತುತ್ತಾದ ಸೈನಿಕರ ಚಿಕಿತ್ಸೆಯ ಅನುಭವದ ಹಿನ್ನೆಲೆಯಲ್ಲಿ ಅವರು 1917ರಲ್ಲಿ ಆಮ್ಲಜನಕವನ್ನು ಕೊಡುವ ಕ್ರಮವನ್ನು ಕುರಿತು ಬರೆದ ಲೇಖನ ಪ್ರಸಿದ್ಧವಾಗಿದೆ. ಮುಂದೆ ಈ ಔಷಧಕ್ಕೂ ಮಿತಿಯುಂಟೆಂಬುದು ಕಹಿಯಾದ ರೀತಿಯಲ್ಲಿ ತಿಳಿದುಬಂತು. 1940ರ ದಶಕದಲ್ಲಿ ಸಿರಿವಂತ ದೇಶಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಬಹುಸಂಖ್ಯೆಯಲ್ಲಿ ಕುರುಡಾಗತೊಡಗಿದುವು. ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಅತಿಯಾದ ಆಮ್ಲಜನಕವೇ ಕಾರಣವಿರಬೇಕೆಂದು ಸೂಚಿಸಿದರು. ಅಮೆರಿಕದಲ್ಲಿ ನಡೆದ ಪರೀಕ್ಷೆಗಳು ಅದನ್ನು ಸ್ಥಿರಪಡಿಸಿದುವು. ಕಡಮೆಯಾದರೆ ಪ್ರಾಣಕ್ಕೆ ಅಪಾಯ, ಶಿಶುಗಳಿಗೆ ಹೆಚ್ಚಾದರೆ ಕಣ್ಣಿಗೆ ಅಪಾಯ. ಆದುದರಿಂದ ಅಳತೆ ಅವಶ್ಯ.

ಆ ಅಳತೆಯನ್ನು ಸುಲಭಗೊಳಿಸಿದವರು ಜಪಾನಿನ ಇಂಜಿನಿಯರ್ ತಕುಒ ಅಯೊಯಾಗಿ. ರಕ್ತವನ್ನು ತೆಗೆಯದೆ, ಬೆರಳಿನ ಮೂಲಕ ಬೆಳಕನ್ನು ಹಾಯಿಸಿ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ತಿಳಿಯುವ ತತ್ವವನ್ನು ಅವರು 1972ರಲ್ಲಿ ಕಂಡುಕೊಂಡರು. ಇಂದು ಮನೆಮಾತಾಗಿರುವ ಪಲ್ಸ್ ಆಕ್ಸಿಮೀಟರು ಅದರ ಫಲ. ಆರೋಗ್ಯವಂತರಲ್ಲಿ ಈ ಅಂಕಿ ಸಾಮಾನ್ಯವಾಗಿ 95ಕ್ಕೆ ಮೇಲಿರುತ್ತದೆ. 90ಕ್ಕಿಂತ ಕೆಳಗಿಳಿದರೆ ಆಮ್ಲಜನಕ ಕೊಡಬೇಕೆಂಬುದು ಸಾಮಾನ್ಯ ನಿಯಮ. ತುಟಿ ಉಗುರುಗಳು ನೀಲಿಗಟ್ಟುವುದನ್ನು ನೋಡಿ ನಿರ್ಧರಿಸುವ ಹಳೆಯ ಕ್ರಮದಲ್ಲಿ ಅನೇಕ ರೋಗಿಗಳು ಕಣ್ತಪ್ಪಿಹೋಗುತ್ತಿದ್ದರು. ಹಾಗೆಂದು ಈ ಉಪಕರಣವೂ ನಿರ್ದೋಷಿಯಲ್ಲ. ಕಪ್ಪುವರ್ಣದ ರೋಗಿಗಳಲ್ಲಿ ಇದು ಆಮ್ಲಜನಕದ ಕೊರತೆಯನ್ನು ಬಿಳಿಯರಲ್ಲಿ ತಪ್ಪುವುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ತಪ್ಪಿಬಿಡುವುದೆಂದು ಅಮೆರಿಕದ ವೈದ್ಯರು 2020ರಲ್ಲಿ ತೋರಿಸಿದರು. ಆಫ್ರಿಕ ಮತ್ತು ಏಷ್ಯಗಳ ಆಸ್ಪತ್ರೆಗಳು ನೆನಪಿಡಬೇಕಾದ ಮಾತಿದು.

3. ಪೂರೈಕೆಯ ವಿಧಾನಗಳು

ಆಸ್ಪತ್ರೆಗೆ ಆಮ್ಲಜನಕ ಬರುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಸಿಲಿಂಡರು. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರು ಅನಿಲವನ್ನು ಒತ್ತಿ ತುಂಬಿರುತ್ತಾರೆ. ನಿಮಿಷಕ್ಕೆ 1 ಲೀಟರಿನಂತೆ ಮಗುವಿಗೆ ಕೊಟ್ಟರೆ ಅದು ಐದು ದಿನಗಳಿಗೆ ಸ್ವಲ್ಪ ಕಡಮೆಯಾಗಿ ಬರುತ್ತದೆ. ವಯಸ್ಕ ರೋಗಿಗೆ 10 ಲೀಟರಿನಂತೆ ಕೊಟ್ಟರೆ ಹನ್ನೆರಡು ಗಂಟೆಯೂ ಬಾರದು. ಅತಿ ತೀವ್ರ ಸ್ಥಿತಿಯಲ್ಲಿ ನಿಮಿಷಕ್ಕೆ 60 ಲೀಟರು ಬೇಕಾದರೆ ಎರಡು ಗಂಟೆಯೊಳಗೆ ಬರಿದಾಗುತ್ತದೆ. ಸಿಲಿಂಡರಿಗೆ ವಿದ್ಯುತ್ತು ಬೇಡ. ಆದರೆ ತುಂಬಿಸುವ ಸ್ಥಳಕ್ಕೂ ಆಸ್ಪತ್ರೆಗೂ ನಡುವೆ ಲಾರಿ ನಿತ್ಯವೂ ಓಡಬೇಕು.

ಎರಡನೆಯದು ದ್ರವ ಆಮ್ಲಜನಕ. ಇದು ಶೂನ್ಯಕ್ಕಿಂತ 183 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ದ್ರವವಾಗಿರುತ್ತದೆ. ಒಂದು ಲೀಟರು ದ್ರವ ಆವಿಯಾದರೆ ಸುಮಾರು 860 ಲೀಟರು ಅನಿಲವಾಗುತ್ತದೆ. ಒಂದು ಟನ್ನು ದ್ರವವೆಂದರೆ ಹೆಚ್ಚುಕಡಮೆ ನೂರು ದೊಡ್ಡ ಸಿಲಿಂಡರುಗಳಿಗೆ ಸಮ. ದೊಡ್ಡ ಆಸ್ಪತ್ರೆಗೆ ಇದಕ್ಕಿಂತ ಅನುಕೂಲವಾದುದಿಲ್ಲ. ಆದರೆ ಬೃಹತ್ ಸ್ಥಾವರ, ವಿಶೇಷ ಟ್ಯಾಂಕರು, ಆಸ್ಪತ್ರೆಯ ಅಂಗಳದಲ್ಲಿ ವಿಶೇಷ ತೊಟ್ಟಿ ಮತ್ತು ಒಳ್ಳೆಯ ರಸ್ತೆ ಇವು ನಾಲ್ಕೂ ಇರಬೇಕು.

ಮೂರನೆಯದು ಪಿ.ಎಸ್.ಎ. ಸ್ಥಾವರ. ಗಾಳಿಯನ್ನು ಒತ್ತಡದಿಂದ ಜಿಯೊಲೈಟ್ ಎಂಬ ಖನಿಜದ ಹರಳುಗಳ ಮೂಲಕ ಹಾಯಿಸಿದರೆ ಸಾರಜನಕ ಅದಕ್ಕೆ ಅಂಟಿಕೊಂಡು ಆಮ್ಲಜನಕ ಮುಂದೆ ಹೋಗುತ್ತದೆ; ಒತ್ತಡವನ್ನು ಇಳಿಸಿದರೆ ಸಾರಜನಕ ಹೊರಬಿದ್ದು ಹರಳುಗಳು ಮತ್ತೆ ಸಿದ್ಧವಾಗುತ್ತವೆ. ಹೀಗೆ ಶೇಕಡ 93ರ ಆಸುಪಾಸಿನ ಶುದ್ಧತೆಯ ಆಮ್ಲಜನಕ ಆಸ್ಪತ್ರೆಯ ಆವರಣದಲ್ಲೇ ತಯಾರಾಗುತ್ತದೆ.

ನಾಲ್ಕನೆಯದು ಇದೇ ತತ್ವದ ಚಿಕ್ಕ ಯಂತ್ರವಾದ ಸಾಂದ್ರಕ. ನಿಮಿಷಕ್ಕೆ 5 ಲೀಟರು ಕೊಡುವ ಯಂತ್ರಕ್ಕೆ ಸುಮಾರು 350 ವ್ಯಾಟ್ ವಿದ್ಯುತ್ತು ಸಾಕು. ಹರಿವನ್ನು ಹಂಚುವ ಮಾಪಕವನ್ನು ಜೋಡಿಸಿದರೆ ಒಂದೇ ಯಂತ್ರದಿಂದ ಮೂರು ನಾಲ್ಕು ಮಕ್ಕಳಿಗೆ ಏಕಕಾಲದಲ್ಲಿ ಕೊಡಬಹುದು. ಕೊನೆಯ ಎರಡು ವಿಧಾನಗಳಿಗೂ ಲಾರಿಯ ಹಂಗಿಲ್ಲ, ವಿದ್ಯುತ್ತಿನ ಹಂಗುಂಟು.

ಈ ನಾಲ್ಕರಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆ ನಿರರ್ಥಕ. ರಸ್ತೆಯೋ ವಿದ್ಯುತ್ತೋ ಯಾವುದು ಹೆಚ್ಚು ನಂಬಲರ್ಹವೆಂಬುದನ್ನು ನೋಡಿ ಊರೂರಿಗೆ ತಕ್ಕಂತೆ ಆರಿಸಬೇಕು. ಯಾವುದನ್ನು ಆರಿಸಿದರೂ ಅದು ಕೆಟ್ಟ ಹೊತ್ತಿಗೆ ಒದಗುವ ಎರಡನೆಯ ಮೂಲವೊಂದಿರಬೇಕು.

4. ಪಪುವ ನ್ಯೂಗಿನಿಯ ನಿದರ್ಶನ

ಆಸ್ಟ್ರೇಲಿಯದ ಉತ್ತರಕ್ಕಿರುವ ಪಪುವ ನ್ಯೂಗಿನಿ 1975ರಲ್ಲಿ ಸ್ವತಂತ್ರವಾದ ದೇಶ. ಅದರ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ದೇಶದ ಇತರ ಮುಖ್ಯ ನಗರಗಳಿಗೆ ರಸ್ತೆಯೇ ಇಲ್ಲ. ಎತ್ತರದ ಪರ್ವತ ಪ್ರಾಂತಗಳಿಗೆ ಕರಾವಳಿಯ ಲೇ ನಗರದಿಂದ ಹೊರಡುವ ಹೆದ್ದಾರಿಯೊಂದೇ ಆಧಾರ. ಮಳೆಗೆ ಗುಡ್ಡ ಕುಸಿದರೆ ಅದೂ ನಿಲ್ಲುತ್ತದೆ. ಇಂತಹೆಡೆ ಭಾರವಾದ ಉಕ್ಕಿನ ಸಿಲಿಂಡರುಗಳನ್ನು ಹೊತ್ತುತರುವ ವೆಚ್ಚವನ್ನೂ ಕಾಲವ್ಯಯವನ್ನೂ ವಾಚಕರು ಊಹಿಸಬಹುದು. ಅಲ್ಲಿನ ಮಕ್ಕಳ ಮರಣಕ್ಕೆ ನ್ಯುಮೋನಿಯ ಪ್ರಧಾನ ಕಾರಣಗಳಲ್ಲೊಂದು. ಎತ್ತರದ ಪ್ರದೇಶದ ತೆಳುವಾದ ಗಾಳಿ ಅದರ ಅಪಾಯವನ್ನು ಮತ್ತಷ್ಟು ಹೆಚ್ಚಿಸುತ್ತದೆ.

ಟ್ರೆವರ್ ಡ್ಯೂಕ್ ಮತ್ತು ಅವರ ಸಂಗಡಿಗರು ಈ ದೇಶದ ಐದು ಆಸ್ಪತ್ರೆಗಳಲ್ಲಿ ಸಾಂದ್ರಕಗಳನ್ನೂ ಪಲ್ಸ್ ಆಕ್ಸಿಮೀಟರುಗಳನ್ನೂ ಒದಗಿಸಿ, ದಾದಿಯರಿಗೆ, ವೈದ್ಯರಿಗೆ ಮತ್ತು ಯಂತ್ರ ನೋಡಿಕೊಳ್ಳುವವರಿಗೆ ಶಿಕ್ಷಣ ಕೊಟ್ಟರು. ಫಲಿತಾಂಶ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಏರ್ಪಾಡಿಗೆ ಮುನ್ನ ನ್ಯುಮೋನಿಯದಿಂದ ದಾಖಲಾಗಿದ್ದ 7,161 ಮಕ್ಕಳಲ್ಲಿ 356 ಮಂದಿ, ಎಂದರೆ ಶೇಕಡ 4.97, ಮೃತರಾಗಿದ್ದರು. ಅನಂತರ ದಾಖಲಾದ 4,130 ಮಕ್ಕಳಲ್ಲಿ ಮೃತರಾದವರು 133, ಎಂದರೆ ಶೇಕಡ 3.22. ಮರಣದ ಸಂಭವ ಶೇಕಡ 35ರಷ್ಟು ಕಡಮೆಯಾದಂತಾಯಿತು. ಉಳಿದ ಒಂದೊಂದು ಜೀವಕ್ಕೆ ತಗುಲಿದ ವೆಚ್ಚ ಸುಮಾರು 1,673 ಅಮೆರಿಕನ್ ಡಾಲರುಗಳೆಂದು ಅವರು ಲೆಕ್ಕಹಾಕಿದರು.

ಆಕರಗಳನ್ನು ಪರೀಕ್ಷಿಸುವುದು ಚರಿತ್ರೆಯ ಅಭ್ಯಾಸಿಗಳ ಧರ್ಮ. ಇದು ಒಂದೇ ಆಸ್ಪತ್ರೆಗಳ ಹಿಂದಿನ ಮತ್ತು ಮುಂದಿನ ಸ್ಥಿತಿಗಳ ಹೋಲಿಕೆಯೇ ಹೊರತು ಏಕಕಾಲದಲ್ಲಿ ಎರಡು ಗುಂಪುಗಳ ಹೋಲಿಕೆಯಲ್ಲ. ಅದೇ ಅವಧಿಯಲ್ಲಿ ಶುಶ್ರೂಷೆಯ ಇತರ ಅಂಗಗಳೂ ಸುಧಾರಿಸಿರಬಹುದು. ಆದರೆ ಅಂತಹ ಸುಧಾರಣೆಯೂ ಈ ಕಾರ್ಯದ ಫಲವೇ ಆಗಿರಲು ಸಾಧ್ಯ. ಏಕೆಂದರೆ ಪ್ರತಿ ಮಗುವಿನ ಬೆರಳಿಗೆ ಮಾಪಕವನ್ನಿಟ್ಟು ನೋಡುವ ದಾದಿ ಆ ಮಗುವನ್ನು ಹೆಚ್ಚು ಸಲ ನೋಡುತ್ತಾಳೆ. ಮುಂದೆ ಇದೇ ಕ್ರಮವನ್ನು ಸೌರಫಲಕಗಳ ನೆರವಿನಿಂದ ಆ ದೇಶದ ಗ್ರಾಮಾಂತರ ಆರೋಗ್ಯ ಕೇಂದ್ರಗಳಿಗೂ ವಿಸ್ತರಿಸಲಾಯಿತು.

5. ಯಂತ್ರ ಬಂದರೆ ಸಾಕೆ?

ಯಂತ್ರವನ್ನು ತಂದಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆಗೆ ಪಶ್ಚಿಮ ಆಫ್ರಿಕದ ಗ್ಯಾಂಬಿಯದ ಪ್ರಸಂಗ ತಕ್ಕ ಉತ್ತರ. 2000ದಲ್ಲಿ ಅಲ್ಲಿನ ಆಸ್ಪತ್ರೆಯೊಂದಕ್ಕೆ ಸಾಂದ್ರಕಗಳು ದಾನವಾಗಿ ಬಂದುವು. ಅವು ಕೆಟ್ಟು ಉಗ್ರಾಣವನ್ನು ಸೇರಿದುವು. ವಿಚಾರಿಸಲಾಗಿ, ಆ ಯಂತ್ರಗಳು ಸ್ಥಳೀಯ ವಿದ್ಯುತ್ತಿನ ವೋಲ್ಟೇಜಿಗೆ ಹೊಂದತಕ್ಕವಾಗಿರಲಿಲ್ಲವೆಂದು ತಿಳಿಯಿತು. ದಾನಿಗಳ ಸದುದ್ದೇಶದಲ್ಲಿ ಕೊರತೆಯಿರಲಿಲ್ಲ. ಪಡೆಯುವವರನ್ನು ಮೊದಲೇ ಕೇಳಿ ತಿಳಿಯುವ ಪದ್ಧತಿಯಿರಲಿಲ್ಲ. 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಬಡ ದೇಶಗಳ ಆಸ್ಪತ್ರೆಗಳ ವೈದ್ಯೋಪಕರಣಗಳಲ್ಲಿ ಶೇಕಡ 40ರಷ್ಟು ನಿರುಪಯುಕ್ತವಾಗಿವೆಯೆಂದು ಅಂದಾಜುಮಾಡಿತು. ಬಿಡಿಭಾಗ ದೊರೆಯದಿರುವುದು, ದುರಸ್ತಿ ಬಲ್ಲವರಿಲ್ಲದಿರುವುದು, ಧೂಳು, ತೇವ, ವಿದ್ಯುತ್ತಿನ ಏರಿಳಿತ ಇವು ಸಾಮಾನ್ಯ ಕಾರಣಗಳು. ವಾರಕ್ಕೊಮ್ಮೆ ಗಾಳಿಸೋಸುವ ಪೊರೆಯನ್ನು ತೊಳೆಯುವಷ್ಟು ಸಣ್ಣ ಕೆಲಸವೂ ಯಾರ ಪಾಲಿನದೆಂದು ಗೊತ್ತುಮಾಡದಿದ್ದರೆ ನಿಂತುಹೋಗುತ್ತದೆ.

ನೈಜೀರಿಯದ ನೈಋತ್ಯ ಭಾಗದ 12 ಆಸ್ಪತ್ರೆಗಳಲ್ಲಿ ಹೇಮಿಷ್ ಗ್ರಹಾಮ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಮೊದಲು ಪಲ್ಸ್ ಆಕ್ಸಿಮೀಟರುಗಳ ಬಳಕೆಯನ್ನು ಕಲಿಸಿ, ಬಳಿಕ ಹಂತಹಂತವಾಗಿ ಪೂರ್ಣ ಆಮ್ಲಜನಕ ವ್ಯವಸ್ಥೆಯನ್ನು ಸ್ಥಾಪಿಸಿದರು. ಪೂರ್ಣ ವ್ಯವಸ್ಥೆ ಬರುವುದಕ್ಕೆ ಮುಂಚೆಯೇ, ಅಳತೆಯ ಅಭ್ಯಾಸ ಬೇರೂರಿದೊಡನೆ, ಇರುವ ಆಮ್ಲಜನಕವೇ ಬೇಕಾದ ಮಕ್ಕಳಿಗೆ ಹೆಚ್ಚಾಗಿ ತಲುಪತೊಡಗಿತು. ಅಂಗೈಯಲ್ಲಿ ಹಿಡಿಯುವ ಮಾಪಕವು ಬೃಹತ್ ಯಂತ್ರದಷ್ಟೇ ಮುಖ್ಯವಾದುದೆಂಬುದಕ್ಕೆ ಇದು ಸಾಕ್ಷಿ.

ವಿದ್ಯುತ್ತಿಲ್ಲದ ಎಡೆಯಲ್ಲಿ ಮಾಡುವುದೇನು? ಉಗಾಂಡದಲ್ಲಿ ಸೌರಫಲಕಗಳಿಂದ ಬ್ಯಾಟರಿಗಳನ್ನು ತುಂಬಿ, ಅವುಗಳಿಂದ ಹಗಲಿರುಳೂ ಸಾಂದ್ರಕಗಳನ್ನು ನಡೆಸುವ ಪ್ರಯೋಗ ಜಿಂಜ ಮೊದಲಾದ ಕಡೆ ನಡೆಯಿತು. ಬಳಿಕ 20 ಆರೋಗ್ಯ ಕೇಂದ್ರಗಳಲ್ಲಿ ಸರದಿಯಂತೆ ಇದನ್ನು ಸ್ಥಾಪಿಸಿ ನಡೆಸಿದ ಪರೀಕ್ಷೆಯ ವರದಿ 2024ರಲ್ಲಿ ಪ್ರಕಟವಾಯಿತು; ಆಮ್ಲಜನಕದ ಕೊರತೆಯಿಂದ ಬಳಲುತ್ತಿದ್ದ ಐದು ವರ್ಷದೊಳಗಿನ ಮಕ್ಕಳಲ್ಲಿ 48 ಗಂಟೆಗಳೊಳಗಿನ ಮರಣ ಹೆಚ್ಚುಕಡಮೆ ಅರ್ಧಕ್ಕಿಳಿಯಿತು. ದೀರ್ಘಕಾಲದ ಅಂತಃಕಲಹದಿಂದ ಜರ್ಜರಿತವಾದ ಸೊಮಾಲಿಯದಲ್ಲಿಯೂ ಧೂಸಮರೇಬ್ ಪಟ್ಟಣದ ಹನಾನೋ ಆಸ್ಪತ್ರೆ 2021ರಲ್ಲಿ ಇಂತಹ ಸೌರ ವ್ಯವಸ್ಥೆಯನ್ನು ಪಡೆಯಿತು. ದೇಶದಾದ್ಯಂತ ಒಂದು ಯೋಜನೆಯಂತೆ ನಡೆಯುವ ಮಾರ್ಗವನ್ನು ಇಥಿಯೋಪಿಯ ತೋರಿಸಿತು. ಅದು 2016ರಲ್ಲಿ, ಎಂದರೆ ಮಹಾಮಾರಿಗೆ ನಾಲ್ಕು ವರ್ಷ ಮೊದಲೇ, ಆಮ್ಲಜನಕಕ್ಕೂ ಪಲ್ಸ್ ಆಕ್ಸಿಮೀಟರುಗಳಿಗೂ ರಾಷ್ಟ್ರೀಯ ಯೋಜನೆಯೊಂದನ್ನು ಸಿದ್ಧಪಡಿಸಿತ್ತು.

6. 2021ರ ಪಾಠ

ನಮ್ಮ ನಾಡಿಗೂ ಈ ವಿಷಯಕ್ಕೂ ಇರುವ ಸಂಬಂಧ ದುಃಖಕರವಾದುದು. ಭಾರತ ಆಮ್ಲಜನಕವನ್ನು ತಯಾರಿಸಲಾರದ ದೇಶವಲ್ಲ. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೋವಿಡ್ ಎರಡನೆಯ ಸಲ ಉಲ್ಬಣಿಸಿದಾಗ ದೇಶದ ದ್ರವ ಆಮ್ಲಜನಕದ ಬಹುಭಾಗ ಪೂರ್ವ ಪ್ರಾಂತಗಳ ಉಕ್ಕಿನ ನಗರಗಳಲ್ಲಿತ್ತು. ಬೇಡಿಕೆ ದೆಹಲಿ, ಮಹಾರಾಷ್ಟ್ರ, ಕರ್ಣಾಟಕ ಮೊದಲಾದೆಡೆ ಇತ್ತು. ನಾವು ಮೇಲೆ ಹೇಳಿದ, ಗಿರಾಕಿಯಿದ್ದೆಡೆ ಸ್ಥಾವರವೆಂಬ ಚರಿತ್ರೆಯ ನಿಯಮವೇ ಇಲ್ಲಿ ಪ್ರಾಣಾಪಾಯವಾಗಿ ಪರಿಣಮಿಸಿತು. ಟ್ಯಾಂಕರುಗಳನ್ನು ರೈಲಿನ ಮೇಲೇರಿಸಿ ಸಾಗಿಸಬೇಕಾಯಿತು. ಮೇ 11ರಂದು ಬೆಂಗಳೂರಿನ ವೈಟ್‌ಫೀಲ್ಡಿಗೆ ಟಾಟಾನಗರದಿಂದ ಬಂದ ಮೊದಲ ರೈಲು 120 ಟನ್ನು, ಎಂದರೆ ಸುಮಾರು 12,000 ದೊಡ್ಡ ಸಿಲಿಂಡರುಗಳಷ್ಟು ಆಮ್ಲಜನಕವನ್ನು ತಂದಿತು. ಕರ್ಣಾಟಕದ ಪಾಲನ್ನು ದಿನಕ್ಕೆ 1,200 ಟನ್ನಿಗೆ ಏರಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯ ಮೇ 5ರಂದು ಆಜ್ಞೆಮಾಡಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಬದಲಾಯಿಸಲು ಒಪ್ಪಲಿಲ್ಲ.

ಅದಕ್ಕೆ ಮುನ್ನ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಮೃತರಾದರು. ಉಚ್ಚ ನ್ಯಾಯಾಲಯದ ಆದೇಶದಂತೆ ವಿಚಾರಣೆ ನಡೆಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಗುರುತಿಸಿತು. ಇದೇ ರಾಜ್ಯದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಜೊತೆಗೆ ದೊಡ್ಡ ಆಮ್ಲಜನಕ ಸ್ಥಾವರಗಳಿದ್ದುವೆಂಬುದನ್ನು ನೆನೆದಾಗ, ಉತ್ಪಾದನೆ ಬೇರೆ, ಪೂರೈಕೆ ಬೇರೆ ಎಂಬ ಮಾತು ಎಷ್ಟು ನಿಜವೆಂಬುದು ಮನಗಾಣುತ್ತದೆ. ಗಡಿಯ ಜಿಲ್ಲೆಯ ರೋಗಿಗೆ ಬೇಕಾದುದು ರಾಜ್ಯದ ಒಟ್ಟು ಟನ್ನುಗಳ ಲೆಕ್ಕವಲ್ಲ. ಆ ರಾತ್ರಿ ತನ್ನ ಮೂಗಿನ ನಳಿಕೆಯಲ್ಲಿ ನಿಲ್ಲದೆ ಬರುವ ವಾಯು.

ಆ ಬಳಿಕ ನಮ್ಮ ದೇಶದಲ್ಲಿ 1,200ಕ್ಕೂ ಮೀರಿದ ಪಿ.ಎಸ್.ಎ. ಸ್ಥಾವರಗಳು ಕೇಂದ್ರದ ನಿಧಿಯೊಂದರಿಂದಲೇ ಸ್ಥಾಪಿತವಾದುವು. ಇತರ ದೇಶಗಳಿಗೂ ಸ್ಥಾವರಗಳು ಹೋದುವು. ಗ್ಯಾಂಬಿಯದ ಉಗ್ರಾಣವನ್ನು ನೆನೆದವರು ಈಗ ಕೇಳಬೇಕಾದ ಪ್ರಶ್ನೆ ಒಂದೇ: ಇವುಗಳಲ್ಲಿ ಪ್ರತಿಯೊಂದಕ್ಕೂ ದುರಸ್ತಿಯ ಹಣ, ಬಿಡಿಭಾಗ, ಬಲ್ಲ ಕೆಲಸಗಾರ, ವಿದ್ಯುತ್ತು ಇವು ವರ್ಷವರ್ಷವೂ ಗೊತ್ತಾಗಿವೆಯೆ?

7. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ನಾವು ಮೂರು ಅಂಶಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಆಮ್ಲಜನಕವು ಒಂದು ಪದಾರ್ಥವೆಂಬುದಕ್ಕಿಂತ ಒಂದು ವ್ಯವಸ್ಥೆ. ಮೂಲ, ಸಾಗಣೆ, ಅಳತೆ, ಬಳಸುವವರ ಶಿಕ್ಷಣ, ದುರಸ್ತಿ ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ. ಎರಡನೆಯದಾಗಿ, ಅದರ ವೆಚ್ಚ ಒಂದು ಸಲ ಮಾಡಿ ಮುಗಿಸುವಂತಹುದಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಕೊರತೆಯನ್ನು ನೀಗಲು ವರ್ಷಕ್ಕೆ ಸುಮಾರು 680 ಕೋಟಿ ಅಮೆರಿಕನ್ ಡಾಲರುಗಳು ಹೆಚ್ಚಾಗಿ ಬೇಕೆಂದು 2025ರ ಆಯೋಗ ಅಂದಾಜುಮಾಡಿದೆ. ಮೂರನೆಯದಾಗಿ, ಅದರ ಅವಶ್ಯಕತೆ ಮಹಾಮಾರಿಯ ಕಾಲಕ್ಕೆ ಸೀಮಿತವಾದುದಲ್ಲ. ನ್ಯುಮೋನಿಯದಿಂದ 2019ರಲ್ಲಿ, ಎಂದರೆ ಕೋವಿಡ್ ಹರಡುವುದಕ್ಕೆ ಮುಂಚೆ, ಐದು ವರ್ಷದೊಳಗಿನ 7 ಲಕ್ಷ 40 ಸಾವಿರ ಮಕ್ಕಳು ತೀರಿಕೊಂಡರು. ಹೆರಿಗೆ, ಶಸ್ತ್ರಚಿಕಿತ್ಸೆ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಆರೈಕೆ ಇವಕ್ಕೆಲ್ಲ ಇದು ನಿತ್ಯವೂ ಬೇಕು.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಆಮ್ಲಜನಕವನ್ನು ಅರಿವಳಿಕೆಯ ಸಂದರ್ಭಕ್ಕೆ ಮಾತ್ರ ಹೇಳಿದ್ದುದನ್ನು 2017ರಲ್ಲಿ ವಿಸ್ತರಿಸಿ, ರಕ್ತದಲ್ಲಿ ಆಮ್ಲಜನಕ ಕಡಮೆಯಾದವರೆಲ್ಲರ ಚಿಕಿತ್ಸೆಗೂ ಸೇರಿಸಿತು. 2023ರಲ್ಲಿ ಅದರ ಮಹಾಸಭೆ ಈ ಪೂರೈಕೆಯನ್ನು ಹೆಚ್ಚಿಸಬೇಕೆಂದು ನಿರ್ಣಯ ಕೈಕೊಂಡಿತು. ನಿರ್ಣಯಗಳು ಚರಿತ್ರೆಯಲ್ಲಿ ಆರಂಭಗಳೇ ಹೊರತು ಸಿದ್ಧಿಗಳಲ್ಲ. ಯುದ್ಧವೋ ಮಹಾಮಾರಿಯೋ ಬಂದಾಗ ಎಚ್ಚರಗೊಂಡು ಅದು ಕಳೆದೊಡನೆ ಮರೆಯುವುದು ಸಮಾಜಗಳ ಹಳೆಯ ಅಭ್ಯಾಸ. 2021ರ ಜಿಲ್ಲಾಸ್ಪತ್ರೆಗಳ ದಾಖಲೆಗಳು, ಬೇಡಿಕೆಯ ಪತ್ರಗಳು, ಲಾರಿಗಳ ಲೆಕ್ಕಗಳು, ಆ ರಾತ್ರಿಗಳಲ್ಲಿ ದುಡಿದ ದಾದಿಯರ ಹೇಳಿಕೆಗಳು ಇನ್ನೂ ದೊರೆಯುವ ಕಾಲವಿದು. ಅವುಗಳನ್ನು ಸಂಗ್ರಹಿಸಿ ಕಾಪಾಡುವ ಕೆಲಸಕ್ಕೆ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಜಿಲ್ಲೆಜಿಲ್ಲೆಗಳಲ್ಲಿ ಕೈಹಾಕಿದರೆ, ಮರೆವಿಗೆ ಎದುರಾಗಿ ಚರಿತ್ರೆ ಮಾಡಬಹುದಾದ ಸೇವೆಯನ್ನು ಮಾಡಿದಂತಾಗುತ್ತದೆ.